ಮಹಾವೀರನ ಹನ್ನೊಂದು ಅಂಕಿಗಳ ಹಾರ

ಒಂದರಿಂದ ಆರರವರೆಗೆ ಮೆಟ್ಟಿಲೇರಿ, ಅದೇ ಮೆಟ್ಟಿಲಲ್ಲಿ ಇಳಿದು ಒಂದಕ್ಕೆ ಬಂದು ನಿಲ್ಲುವ ಸಂಖ್ಯೆ 12345654321. ನಮ್ಮ ಕೋಟಿ-ಲಕ್ಷದ ಲೆಕ್ಕದಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ ಮಳಖೇಡದಿಂದ ಆಳುತ್ತಿದ್ದ 9ನೇ ಶತಮಾನದಲ್ಲಿ ಮಹಾವೀರಾಚಾರ್ಯನೆಂಬ ಜೈನ ಗಣಿತಜ್ಞ ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಈ ಸಂಖ್ಯೆ ಇದೆ. ಗ್ರಂಥದ ಮೊದಲಲ್ಲೇ ಅವನು ಅಮೋಘವರ್ಷನನ್ನು ಕೊಂಡಾಡುತ್ತಾನೆ. ಗುಣಾಕಾರ ಕಲಿಸುವಾಗ ಅವನು ಬರೀ ಲೆಕ್ಕ ಕೊಡುವುದಿಲ್ಲ, ಉತ್ತರ ನೋಡಿದೊಡನೆ ಕಣ್ಣರಳುವಂಥ ಲೆಕ್ಕಗಳನ್ನೇ ಆರಿಸುತ್ತಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು, 11111111. 27994681ನ್ನು 441ರಿಂದ ಗುಣಿಸಿದರೆ ನಮ್ಮ 12345654321. ಇಂಥ ಉತ್ತರಗಳನ್ನು ಅವನು ಕಂಠಿಕೆಗೆ, ಅಂದರೆ ಕೊರಳ ಹಾರಕ್ಕೆ, ಹೋಲಿಸುತ್ತಾನೆ. ಹಾರ ಚೆಂದವಾಗಿದೆ ಎನ್ನುವುದರಲ್ಲಿ ತಕರಾರಿಲ್ಲ. ಆ ಚೆಂದ ಯಾರದು ಎನ್ನುವುದು ಪ್ರಶ್ನೆ: ಸಂಖ್ಯೆಯದೋ, ಅದನ್ನು ಹತ್ತು ಅಂಕಿಗಳಲ್ಲಿ ಬರೆಯುವ ನಮ್ಮ ರೂಢಿಯದೋ?

ಮೊದಲು ಹಾರ ಪೋಣಿಸಿದ ಬಗೆ ನೋಡೋಣ. ಈ ಸಂಖ್ಯೆ 111111ರ ವರ್ಗ. 111111ನ್ನು ಅದರಿಂದಲೇ ಗುಣಿಸಲು ಹೊರಟರೆ ಕಾಗದದ ಮೇಲೆ ಆರು ಸಾಲು 111111 ಬರುತ್ತದೆ, ಪ್ರತಿ ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ. ಮೇಲಿಂದ ಕೆಳಗೆ ಕೂಡಿದರೆ ಬಲತುದಿಯ ಮನೆಯಲ್ಲಿ ಒಂದೇ ಒಂದು, ಅದರ ಪಕ್ಕದಲ್ಲಿ ಎರಡು, ನಡುಮನೆಯಲ್ಲಿ ಆರು, ಅಲ್ಲಿಂದ ಎಡಕ್ಕೆ ಮತ್ತೆ ಇಳಿಕೆ. ಯಾವ ಮನೆಯ ಮೊತ್ತವೂ ಒಂಬತ್ತನ್ನು ದಾಟದ ಕಾರಣ ದಶಕವನ್ನು ಪಕ್ಕದ ಮನೆಗೆ ಒಯ್ಯುವ ಪ್ರಮೇಯವೇ ಇಲ್ಲ. ಒಂಬತ್ತು ಒಂದುಗಳವರೆಗೂ ಇದು ಹೀಗೇ ನಡೆದು 12345678987654321 ತಲುಪುತ್ತದೆ. ಹತ್ತು ಒಂದುಗಳಾದೊಡನೆ ನಡುಮನೆಯಲ್ಲಿ ಹತ್ತು ತುಂಬಿ, ದಶಕ ಎಡಕ್ಕೆ ಹರಿದು, ಉತ್ತರ 1234567900987654321 ಎಂದು ಕೆಡುತ್ತದೆ. ಇಷ್ಟು ಯಾರಿಗೂ ತಿಳಿಯುವಂಥದ್ದು. ಆದರೆ ಮಹಾವೀರ 111111ರ ವರ್ಗ ಎಂದು ಕೇಳಲಿಲ್ಲ, 27994681 ಮತ್ತು 441 ಎಂದು ಕೇಳಿದ. 111111ನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಸಿಗುತ್ತವೆ. ಅವುಗಳಲ್ಲಿ 3 ಮತ್ತು 7ನ್ನು ಒಂದು ಕಡೆ ಇಟ್ಟು ಗುಣಿಸಿದರೆ 21, ಅದರ ವರ್ಗ 441. ಉಳಿದ 11, 13, 37ರ ಗುಣಲಬ್ಧ 5291, ಅದರ ವರ್ಗ 27994681. ಈ ಎಂಟಂಕಿಯ ಸಂಖ್ಯೆಯನ್ನು ಎಷ್ಟು ದಿಟ್ಟಿಸಿದರೂ ಒಳಗೆ ಹಾರವಿರುವ ಸುಳಿವು ಸಿಗದು. ಉತ್ತರವನ್ನು ಮೊದಲು ಇಟ್ಟುಕೊಂಡು, ಅದನ್ನು ಒಡೆದು, ತುಂಡುಗಳನ್ನು ಬೇಕೆಂದೇ ಬೇರೆ ಬಗೆಯಲ್ಲಿ ಜೋಡಿಸಿದವನಿಗೆ ಮಾತ್ರ ಇಂಥ ಪ್ರಶ್ನೆ ಹೊಳೆಯಲು ಸಾಧ್ಯ ಎಂಬುದು ನನ್ನ ಊಹೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಎದುರಾಗುತ್ತದೆ. ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿ 1940ರಲ್ಲಿ ಪ್ರಕಟಿಸಿದ ‘ಎ ಮ್ಯಾಥಮೆಟಿಶಿಯನ್ಸ್ ಅಪಾಲಜಿ’ಯಲ್ಲಿ ಅಂಕಿಗಳ ಇಂಥ ಚಮತ್ಕಾರಗಳನ್ನು ಮುಲಾಜಿಲ್ಲದೆ ತಳ್ಳಿಹಾಕಿದ್ದಾರೆ. 8712 ತನ್ನನ್ನೇ ತಿರುಗಿಸಿ ಬರೆದ 2178ರ ನಾಲ್ಕರಷ್ಟು, 9801 ತನ್ನ ತಿರುವಾದ 1089ರ ಒಂಬತ್ತರಷ್ಟು. 153, 370, 371, 407 ತಮ್ಮ ಅಂಕಿಗಳ ಘನಗಳ ಮೊತ್ತಕ್ಕೆ ಸಮ. ಇವು ಪತ್ರಿಕೆಗಳ ಒಗಟಿನ ಮೂಲೆಗೆ ಸರಿ, ಗಣಿತಜ್ಞನ ಮನಸ್ಸನ್ನು ಸೆಳೆಯುವ ಸತ್ವ ಇವುಗಳಲ್ಲಿಲ್ಲ ಎಂಬುದು ಅವರ ವಾದ. ಅವರ ತಕರಾರಿನಲ್ಲಿ ಹುರುಳಿದೆ. ಸಂಖ್ಯೆ ಬೇರೆ, ಅದರ ಬರಹ ಬೇರೆ. ನಮಗೆ ಹನ್ನೆರಡು ಬೆರಳುಗಳಿದ್ದು ಹನ್ನೆರಡರ ಲೆಕ್ಕ ರೂಢಿಯಾಗಿದ್ದರೆ 153ರ ಈ ಚಮತ್ಕಾರ ಹುಟ್ಟುತ್ತಲೇ ಇರಲಿಲ್ಲ. ಇದನ್ನು ಒಪ್ಪದೆ ಮುಂದೆ ಹೋದರೆ ಸಂಖ್ಯಾಶಾಸ್ತ್ರವೆಂಬ ಹೆಸರಿನಲ್ಲಿ ಅಂಗಡಿ ತೆರೆದು ಕೂತವರ ಸಾಲಿಗೆ ನಾವೂ ಸೇರಿಬಿಡುತ್ತೇವೆ. ಆದರೆ ಅಂಕಿಗಳ ಎಲ್ಲ ಚಮತ್ಕಾರಗಳನ್ನೂ ಒಂದೇ ಬುಟ್ಟಿಗೆ ಎಸೆದದ್ದು ಹಾರ್ಡಿಯ ಅವಸರ ಎಂದು ನನಗೆ ಅನಿಸುತ್ತದೆ. ಅವರೇ ತೋರಿಸಿದ 9801 ಎಂದರೆ 99ರ ವರ್ಗ, 8712 ಎಂದರೆ 88 ಗುಣಿಸು 99. ನೂರಕ್ಕೆ ಒಂದು ಕಡಿಮೆಯಿರುವ ಸಂಖ್ಯೆ ಎರಡರಲ್ಲೂ ತಲೆ ಹಾಕಿರುವುದು ಬರೀ ಆಕಸ್ಮಿಕವೆಂದು ನಂಬುವುದು ಕಷ್ಟ. ಹಾಗಾಗಿ ಪ್ರತಿ ಲಕ್ಷಣವನ್ನೂ ಬೇರೆಬೇರೆಯಾಗಿ ಎತ್ತಿಕೊಂಡು, ಬರಹದ ರೂಢಿ ಬದಲಾದರೆ ಇದು ಉಳಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಮಹಾವೀರನ ಹಾರ ಆ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ.

ಹತ್ತರ ಬದಲು ಏಳನ್ನು ಆಧಾರವಾಗಿಟ್ಟುಕೊಂಡು ಎಣಿಸುವ ಒಂದು ಜನಾಂಗವಿದೆ ಎಂದುಕೊಳ್ಳಿ. ಅವರಿಗೆ ಸೊನ್ನೆಯಿಂದ ಆರರವರೆಗೆ ಏಳೇ ಅಂಕಿಗಳು. ಅವರು ಆರು ಒಂದುಗಳನ್ನು ಬರೆದರೆ ಅದು ನಮ್ಮ ಲೆಕ್ಕದ 19608. ಅದನ್ನು ವರ್ಗ ಮಾಡಿದರೆ ನಮಗೆ 384473664, ನೋಡಲು ಏನೂ ವಿಶೇಷವಿಲ್ಲ. ಅವರ ಬರಹದಲ್ಲಿ ಮಾತ್ರ ಅದು 12345654321 ಆಗಿಯೇ ಕಾಣುತ್ತದೆ. ನಡುಮನೆಯ ಮೊತ್ತ ಆರು, ಅವರ ದೊಡ್ಡ ಅಂಕಿಯೂ ಆರು. ದಶಕ ಹರಿಯದೆ ಕೂದಲೆಳೆಯಲ್ಲಿ ಪಾರು. ಕಂಪ್ಯೂಟರ್‌ನವರು ಬಳಸುವ ಹದಿನಾರರ ಲೆಕ್ಕದಲ್ಲಿ ಆರು ಒಂದುಗಳು ನಮ್ಮ 1118481ಕ್ಕೆ ಸಮ, ಅದರ ವರ್ಗ 1250999747361, ಅವರ ಬರಹದಲ್ಲಿ ಮತ್ತದೇ ಹಾರ. ಏಳು ಅಥವಾ ಅದಕ್ಕಿಂತ ದೊಡ್ಡ ಯಾವ ಆಧಾರ ಹಿಡಿದರೂ ಹಾರ ಕೆಡುವುದಿಲ್ಲ, ಆರು ಅಥವಾ ಅದಕ್ಕಿಂತ ಸಣ್ಣದು ಹಿಡಿದರೆ ಕೆಡುತ್ತದೆ. ಅಂದಮೇಲೆ ಈ ಚೆಂದ ಹತ್ತು ಬೆರಳುಗಳ ಋಣದಲ್ಲಿಲ್ಲ. ಹಾಗೆಂದು 12345654321 ಎಂಬ ಒಂದು ನಿರ್ದಿಷ್ಟ ಪ್ರಮಾಣದ ಸೊತ್ತೂ ಅಲ್ಲ. ಒಂದೊಂದು ಆಧಾರದಲ್ಲಿ ಒಂದೊಂದು ಬೇರೆಯೇ ಪ್ರಮಾಣ ಈ ವೇಷದಲ್ಲಿ ಬರುತ್ತದೆ. ಅದು ಬೀಜಗಣಿತದ ಒಂದು ಉಕ್ತಿಯ ಸೊತ್ತು. ಒಂದು, ಕ್ಷ, ಕ್ಷದ ವರ್ಗ ಎಂದು ಐದನೇ ಘಾತದವರೆಗೆ ಕೂಡಿ, ಆ ಮೊತ್ತವನ್ನು ವರ್ಗ ಮಾಡಿದಾಗ ಮುಂದೆ ನಿಲ್ಲುವ ಸಹಗುಣಕಗಳೇ 1, 2, 3, 4, 5, 6, 5, 4, 3, 2, 1. ಸ್ಥಾನಬೆಲೆಯ ಬರಹವೆಂದರೆ ಕ್ಷದ ಜಾಗದಲ್ಲಿ ಆಧಾರವನ್ನಿಟ್ಟ ಬಹುಪದೋಕ್ತಿಯೇ. ಹಾರ್ಡಿ ಸಂಖ್ಯೆ ಒಂದು ಕಡೆ, ಬರಹ ಒಂದು ಕಡೆ ಎಂದು ಎರಡೇ ಪಾಲು ಮಾಡಿದ್ದರು. ಎರಡಕ್ಕೂ ಸೇರದ ಮೂರನೆಯ ಪಾಲುದಾರ ಇಲ್ಲಿ ಎದ್ದು ನಿಂತಿದ್ದಾನೆ.

ಆ ಪಾಲು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ಗುರುತಿಸಬಹುದು. ಆರು ಒಂದುಗಳ ಸಂಖ್ಯೆ ಯಾವ ಆಧಾರದಲ್ಲೇ ಇರಲಿ ಮೂರು ತುಂಡಾಗಿ ಒಡೆಯಲೇಬೇಕು: ಆಧಾರಕ್ಕೆ ಒಂದು ಕೂಡಿದ್ದು ಒಂದು ತುಂಡು, ಆಧಾರದ ವರ್ಗಕ್ಕೆ ಆಧಾರವನ್ನೂ ಒಂದನ್ನೂ ಕೂಡಿದ್ದು ಇನ್ನೊಂದು, ಆಧಾರದ ವರ್ಗದಿಂದ ಆಧಾರವನ್ನು ಕಳೆದು ಒಂದು ಕೂಡಿದ್ದು ಮೂರನೆಯದು. ಹತ್ತರಲ್ಲಿ ಇವು 11, 111, 91. ಏಳರಲ್ಲಿ 8, 57, 43. ಹದಿನಾರರಲ್ಲಿ 17, 273, 241. ಇಷ್ಟರವರೆಗೆ ಬೀಜಗಣಿತದ ಆಳ್ವಿಕೆ. ಈ ತುಂಡುಗಳು ಮತ್ತೆ ಒಡೆಯುತ್ತವೆಯೇ, ಒಡೆದರೆ ಯಾವ ಅವಿಭಾಜ್ಯಗಳಾಗಿ ಎಂಬುದನ್ನು ಉಕ್ತಿ ಹೇಳುವುದಿಲ್ಲ. 111 ಎಂದರೆ ಮೂರು ಮೂವತ್ತೇಳು, 91 ಎಂದರೆ ಏಳು ಹದಿಮೂರು ಎಂಬುದು ಹತ್ತಕ್ಕೇ ಸೇರಿದ ಸಂಗತಿ. ಏಳರ ಆಧಾರದಲ್ಲಿ ಮೂರನೆಯ ತುಂಡು 43, ಅದು ಒಡೆಯುವುದೇ ಇಲ್ಲ. ಈಗ ಮಹಾವೀರನ 441ನ್ನು ಮತ್ತೊಮ್ಮೆ ನೋಡಿ. ಅವನು 111ರ ಹೊಟ್ಟೆಯಿಂದ 3ನ್ನೂ 91ರ ಹೊಟ್ಟೆಯಿಂದ 7ನ್ನೂ ತೆಗೆದು 21 ಮಾಡಿಕೊಂಡಿದ್ದಾನೆ. ಸುಲಭವಾಗಿ ಕಾಣುವ 11ನ್ನು ಹೊರಗೆಳೆದು 121ರಿಂದ ಗುಣಿಸಿರಿ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಹಾರ ಬೀಜಗಣಿತದ್ದು, ಅದನ್ನು ಬಿಡಿಸಿದ ರೀತಿ ಹತ್ತರದ್ದು.

ಇನ್ನು ಬರಹದ ಹಂಗೇ ಇಲ್ಲದ ಗುಣಗಳು. ಐದು ಅವಿಭಾಜ್ಯಗಳ ವರ್ಗಗಳನ್ನು ಗುಣಿಸಿ ಆದ ಸಂಖ್ಯೆಯಾದ್ದರಿಂದ 12345654321ಕ್ಕೆ 243 ಭಾಜಕಗಳು. ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು, ಐದಕ್ಕೂ ಮೂರು ಮೂರು ಆಯ್ಕೆ. ಸಂಖ್ಯೆಯನ್ನು ಬಿಟ್ಟು ಉಳಿದ 242 ಭಾಜಕಗಳನ್ನು ಕೂಡಿದರೆ 13029870672, ಅಂದರೆ ಸಂಖ್ಯೆಗಿಂತಲೂ ಹೆಚ್ಚು. ಇಂಥವನ್ನು ಅಧಿಕ ಸಂಖ್ಯೆಗಳೆನ್ನುತ್ತಾರೆ. ಸರಿಸಂಖ್ಯೆಗಳಲ್ಲಿ ಇವು 12ರಿಂದಲೇ ಸಿಗುತ್ತವೆ, ಬೆಸಸಂಖ್ಯೆಗಳಲ್ಲಿ ವಿರಳ, ಮೊದಲನೆಯದು 945. ಹೀಗೆ ಸಂಖ್ಯೆಯನ್ನು ಬಿಟ್ಟು ಕೂಡಿದ ಭಾಜಕಗಳ ಮೊತ್ತ ಸಂಖ್ಯೆಗೆ ಸರಿಸಮವಾದರೆ ಅದು ಪರಿಪೂರ್ಣ ಸಂಖ್ಯೆ. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಇಂದಿಗೂ ಬಗೆಹರಿದಿಲ್ಲ. ಇದ್ದರೂ ಅದು ನಮ್ಮದರಂತೆ ಪೂರ್ಣವರ್ಗವಾಗಿರದು: ಬೆಸ ವರ್ಗವೊಂದರ ಎಲ್ಲ ಭಾಜಕಗಳ ಮೊತ್ತ ಯಾವಾಗಲೂ ಬೆಸ, ಪರಿಪೂರ್ಣವಾಗಲು ಅದು ಸಂಖ್ಯೆಯ ಇಮ್ಮಡಿ, ಅಂದರೆ ಸರಿ, ಆಗಿರಬೇಕು. ಇದಕ್ಕಿಂತ ರುಚಿಯಾದ ಗುಣ ತ್ರಿಭುಜಗಳಲ್ಲಿದೆ. 111111ನ್ನು ಕರ್ಣವಾಗಿಟ್ಟು, ಬಾಹುಗಳೂ ಪೂರ್ಣಾಂಕಗಳಾಗುವಂತೆ ಲಂಬಕೋನ ತ್ರಿಭುಜ ಎಳೆಯಬಹುದೇ? 7161 ಮತ್ತು 110880ನ್ನು ಬೇರೆಬೇರೆಯಾಗಿ ವರ್ಗ ಮಾಡಿ ಕೂಡಿ ನೋಡಿ, 12345654321 ಬರುತ್ತದೆ. 73689 ಮತ್ತು 83160, 42735 ಮತ್ತು 102564, 36036 ಮತ್ತು 105105 ಎಂಬ ಜೋಡಿಗಳೂ ಅದನ್ನೇ ಕೊಡುತ್ತವೆ. ಒಟ್ಟು ನಾಲ್ಕು, ಐದನೆಯದಿಲ್ಲ. ಐದು ಅವಿಭಾಜ್ಯಗಳಲ್ಲಿ ನಾಲ್ಕರಿಂದ ಭಾಗಿಸಿದಾಗ ಶೇಷ ಒಂದು ಉಳಿಯುವುದು 13 ಮತ್ತು 37ಕ್ಕೆ ಮಾತ್ರ. ಅಂಥ ಎರಡು ಅವಿಭಾಜ್ಯಗಳು ಕರ್ಣದಲ್ಲಿ ಒಂದೊಂದು ಸಲ ಬಂದರೆ ತ್ರಿಭುಜಗಳು ನಾಲ್ಕೇ. ಮಹಾವೀರನೂ ಕ್ಷೇತ್ರಗಣಿತದ ಭಾಗದಲ್ಲಿ ಈ ಬಗೆಯ ಲೆಕ್ಕಕ್ಕೆ ಕೈಹಾಕಿದ್ದಾನೆ, 65 ಕರ್ಣವಿರುವ ನಾಲ್ಕು ಆಯತಗಳನ್ನು ಕೊಟ್ಟಿದ್ದಾನೆ: 39-52, 25-60, 33-56, 16-63. 65 ಎಂದರೆ 5 ಗುಣಿಸು 13, ಎರಡೂ ಅದೇ ಜಾತಿಯ ಅವಿಭಾಜ್ಯಗಳು. ಹಾರದ ಲೆಕ್ಕವೂ ಆಯತದ ಲೆಕ್ಕವೂ ಒಂದೇ ಗ್ರಂಥದಲ್ಲಿವೆ, ಒಂದನ್ನು ಇನ್ನೊಂದಕ್ಕೆ ಹೆಣೆಯುವ ನೂಲು ಮಾತ್ರ ಅಲ್ಲಿಲ್ಲ. ಅದು ಬಂದದ್ದು ಎಷ್ಟೋ ಶತಮಾನಗಳ ನಂತರ.

ಹಾಗಾದರೆ ಹಾರ್ಡಿಯ ಪರ ನಿಂತವರು ಕೇಳಬಹುದು: ತೂಕವಿರುವ ಗುಣಗಳೆಲ್ಲ ಅಪವರ್ತನಗಳಿಂದ ಬಂದವು, ಅಂಕಿಗಳ ಸಾಲಿನಿಂದ ಏನು ಬಂತು? ಇದಕ್ಕೆ ಉತ್ತರ ಆ ಐದು ಅವಿಭಾಜ್ಯಗಳಲ್ಲೇ ಇದೆ. ಒಂದನ್ನು ಏಳರಿಂದ ಭಾಗಿಸಿದರೆ 0.142857 ಬಂದು, ಅದೇ ಆರು ಅಂಕಿಗಳು ಮರಳಿ ಮರಳಿ ಬರುತ್ತವೆ. ಹದಿಮೂರರಿಂದ ಭಾಗಿಸಿದರೆ 076923 ಎಂಬ ಆರರ ಆವರ್ತ. ಮೂವತ್ತೇಳರಿಂದ ಭಾಗಿಸಿದರೆ 027 ಎಂಬ ಮೂರರದು, ಹನ್ನೊಂದರಿಂದ 09 ಎಂಬ ಎರಡರದು, ಮೂರರಿಂದ 3 ಎಂಬ ಒಂದರದು. ಒಂದು, ಎರಡು, ಮೂರು, ಆರು: ಇವಿಷ್ಟೂ ಆರರ ಭಾಜಕಗಳು. ಇಷ್ಟೇ ಅಲ್ಲ, ಆವರ್ತದ ಉದ್ದ ಆರನ್ನು ಭಾಗಿಸುವಂಥ ಅವಿಭಾಜ್ಯಗಳು ಜಗತ್ತಿನಲ್ಲಿ ಈ ಐದೇ. ಕಾರಣ ಸರಳ. ಶಾಲೆಯಲ್ಲಿ ಕಲಿತಂತೆ ಭಾಗಿಸುತ್ತಾ ಹೋಗುವಾಗ ಪ್ರತಿ ಹೆಜ್ಜೆಯಲ್ಲೂ ಶೇಷವನ್ನು ಹತ್ತರಿಂದ ಗುಣಿಸಿ ಮುಂದೆ ಸಾಗುತ್ತೇವೆ. ಆರು ಹೆಜ್ಜೆಗಳ ನಂತರ ಶೇಷ ಮತ್ತೆ ಒಂದಕ್ಕೆ ಬಂದರೆ ಆವರ್ತ ಮುಗಿಯಿತು. ಹಾಗೆ ಬರಬೇಕಾದರೆ ಆ ಅವಿಭಾಜ್ಯ ಹತ್ತು ಲಕ್ಷಕ್ಕೆ ಒಂದು ಕಡಿಮೆಯಾದ 999999ನ್ನು ಭಾಗಿಸಬೇಕು. 999999 ಎಂದರೆ ಒಂಬತ್ತು ಸಲ 111111. ಒಂಬತ್ತರಿಂದ ಬರುವುದು ಮೂರು ಮಾತ್ರ, ಅದು ಆಗಲೇ ಪಟ್ಟಿಯಲ್ಲಿದೆ. ಹೀಗೆ ಆರು ಒಂದುಗಳನ್ನು ಸಾಲಾಗಿ ಬರೆದು ಒಡೆಯುವ ಆಟವೂ, ಆವರ್ತ ದಶಮಾಂಶಗಳ ಸಿದ್ಧಾಂತವೂ ಒಂದೇ ಆಗಿಬಿಡುತ್ತವೆ. ಗಣಿತಜ್ಞ ಗೌಸ್ 1801ರಲ್ಲಿ ತಮ್ಮ ಮಹಾಕೃತಿಯಲ್ಲಿ ಈ ದಶಮಾಂಶಗಳ ವಿಚಾರಕ್ಕೆ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ. ಹತ್ತರ ಆಧಾರ ನಮ್ಮ ರೂಢಿ ನಿಜ. ಆದರೆ ಹತ್ತು ಕೂಡ ಒಂದು ಸಂಖ್ಯೆಯೇ, ಏಳಕ್ಕೂ ಹದಿಮೂರಕ್ಕೂ ಅದರೊಂದಿಗೆ ಇರುವ ನಂಟು ಗಣಿತದ್ದೇ ಹೊರತು ರೂಢಿಯದಲ್ಲ.

ಇದೇ ದಾರಿಯಲ್ಲಿ ನಾಸಿಕದ ಬಳಿಯ ದೇವಳಾಲಿಯ ಶಾಲಾಶಿಕ್ಷಕ ದ. ರಾ. ಕಾಪ್ರೇಕರ್ ನಡೆದರು. ವೃತ್ತಿಪರ ಗಣಿತಜ್ಞರಲ್ಲಿ ಹಲವರು ಅವರ ಅಂಕಿಯಾಟಗಳನ್ನು ಕಡೆಗಣ್ಣಿಂದ ನೋಡಿದರು. ಅಮೆರಿಕದ ಮಾರ್ಟಿನ್ ಗಾರ್ಡ್ನರ್ 1975ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಅಂಕಣದಲ್ಲಿ ಬರೆದ ಮೇಲೆ ಅವರ ಹೆಸರು ಲೋಕಕ್ಕೆ ಹಬ್ಬಿತು. 297ರ ವರ್ಗ 88209; ಅದನ್ನು 88 ಮತ್ತು 209 ಎಂದು ಕತ್ತರಿಸಿ ಕೂಡಿದರೆ 297 ಮರಳಿ ಬರುತ್ತದೆ. ಇವು ಕಾಪ್ರೇಕರ್ ಸಂಖ್ಯೆಗಳು. ಏಳರ ಆವರ್ತವಾದ 142857 ಕೂಡ ಇಂಥದ್ದೇ: ಅದರ ವರ್ಗ 20408122449, ತುಂಡುಗಳಾದ 20408 ಮತ್ತು 122449ನ್ನು ಕೂಡಿದರೆ 142857. ಹಾರ್ಡಿಯ ತಕ್ಕಡಿಯಲ್ಲಿ ಇದು ಒಗಟಿನ ಮೂಲೆಯ ಸರಕು. ಆದರೆ 2000ದಲ್ಲಿ ಡಗ್ಲಸ್ ಇಯನೂಚಿ ಈ ಸಂಖ್ಯೆಗಳೆಲ್ಲ 99, 999, 999999 ಮುಂತಾದ ಒಂಬತ್ತುಗಳ ಸಾಲನ್ನು ಪರಸ್ಪರ ಸಾಮಾನ್ಯ ಅಪವರ್ತನವಿಲ್ಲದ ಎರಡು ಭಾಗಗಳಾಗಿ ಒಡೆಯುವ ಕ್ರಮಗಳಿಂದಲೇ ಹುಟ್ಟುತ್ತವೆ ಎಂದು ತೋರಿಸಿಕೊಟ್ಟರು. ಮಹಾವೀರನ ಹಾರವನ್ನೂ ಹಾಗೆ ಕತ್ತರಿಸಿ ನೋಡಿ: 12345 ಮತ್ತು 654321 ಕೂಡಿದರೆ 666666, ಅಂದರೆ 111111ರ ಆರರಷ್ಟು. ಅದರ ಹಿಂದಿರುವುದೂ ಇದೇ 999999. ಇಷ್ಟಾಗಿಯೂ 153ರ ಘನಗಳ ಮೊತ್ತಕ್ಕೆ ಇಂಥ ಬೇರು ನನಗೆ ಕಂಡಿಲ್ಲ. ಅದರ ಮಟ್ಟಿಗೆ ಹಾರ್ಡಿ ಗೆದ್ದರು ಎಂದು ಒಪ್ಪುತ್ತೇನೆ.

ಇನ್ನೊಂದು ಆಕ್ಷೇಪ ಇತಿಹಾಸದ ಕಡೆಯಿಂದ ಬರುತ್ತದೆ. ಗೌಸ್‌ನ ಕಾಲದ ವಿಚಾರವನ್ನೆಲ್ಲ ಮಳಖೇಡದ ಕಾಲದವನ ತಲೆಗೆ ಕಟ್ಟುವುದು ನ್ಯಾಯವೇ? ನ್ಯಾಯವಲ್ಲ. ಶೂನ್ಯದಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಉಳಿಯುತ್ತದೆ ಎಂದು ತಪ್ಪು ಬರೆದವನೂ ಇದೇ ಮಹಾವೀರ. ಅವನನ್ನು ಸರ್ವಜ್ಞನ ಪೀಠಕ್ಕೇರಿಸುವ ಅಗತ್ಯವಿಲ್ಲ. ಅವನ ಲೆಕ್ಕಗಳು ತೋರಿಸುವಷ್ಟನ್ನು ಮಾತ್ರ ಹೇಳಬಹುದು, ಅದೇನೂ ಕಡಿಮೆಯಲ್ಲ. ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟು, ಕೊನೆಯದನ್ನು ಮಹಾಕ್ಷೋಭವೆಂದು ಕರೆದವನು ಅವನು. ಸ್ಥಾನಬೆಲೆ ಅವನಿಗೆ ಉಸಿರಿನಷ್ಟು ಸಹಜವಾಗಿತ್ತು. ಇಲ್ಲದಿದ್ದರೆ ಅಂಕಿಗಳ ಸಾಲನ್ನು ಹಾರವಾಗಿ ಕಾಣುವುದೇ ಆಗುತ್ತಿರಲಿಲ್ಲ. ಅದೇ ಕಾಲದ ಯುರೋಪಿನಲ್ಲಿ ಬಳಕೆಯಲ್ಲಿದ್ದ ರೋಮನ್ ಬರಹದಲ್ಲಿ ಈ ಹಾರ ಪೋಣಿಸಲು ದಾರವೇ ಸಿಗದು. ಶ್ಲೋಕದಲ್ಲಿ ಅವನು ಈ ಸಂಖ್ಯೆಯ ಹನ್ನೊಂದು ಅಂಕಿಗಳನ್ನು ಒಂದೊಂದಾಗಿ ಎಣಿಸಿ ಹೇಳುವುದಿಲ್ಲ, ಒಂದರಿಂದ ಆರರವರೆಗೆ ಹೋಗಿ ಅನುಕ್ರಮವಾಗಿ ಇಳಿಯುವುದು ಎಂದು ಲಕ್ಷಣ ಕೊಟ್ಟು ಮುಗಿಸುತ್ತಾನೆ. ಅಂಕಿಗಳನ್ನು ಪದಗಳಿಂದ ಸೂಚಿಸುವ ಭೂತಸಂಖ್ಯೆಯ ಪದ್ಧತಿಯಲ್ಲಿ ಅವನ್ನು ಬಿಡಿಸ್ಥಾನದಿಂದ ಎಡಕ್ಕೆ ಓದಬೇಕು, ನಾವು ಓದುವುದು ಎಡದಿಂದ ಬಲಕ್ಕೆ. ಯಾವ ಕಡೆಯಿಂದ ಬಂದರೂ ಒಂದೇ ಆಗಿರುವ ಈ ಸಂಖ್ಯೆಗೆ ಆ ಗೊಂದಲವೂ ಇಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದ್ರಾಸಿನಿಂದ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸುವವರೆಗೆ ಹೊರಗಿನ ಜಗತ್ತಿಗೆ ಇದೆಲ್ಲ ಹೆಚ್ಚು ತಿಳಿದಿರಲಿಲ್ಲ. 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದಿದ್ದ.

ಅಂಕಿಗಳ ಸಾಲು ಎಷ್ಟು ಆಳಕ್ಕೆ ಒಯ್ಯಬಲ್ಲದು ಎನ್ನುವುದಕ್ಕೆ ಸಾಕ್ಷಿಯಾಗಿ ಏಳು ಮತ್ತು ಹದಿಮೂರನ್ನೇ ಅಕ್ಕಪಕ್ಕ ಇಟ್ಟು ನೋಡಬಹುದು. ಎರಡಕ್ಕೂ ಆವರ್ತ ಆರೇ. ಆದರೆ ಏಳರಿಂದ ಭಾಗಿಸುವಾಗ ಶೇಷಗಳು 1, 3, 2, 6, 4, 5 ಎಂದು ಸಾಧ್ಯವಿರುವ ಆರೂ ಮನೆಗಳನ್ನು ಮುಟ್ಟಿ ಬರುತ್ತವೆ. ಹದಿಮೂರರಲ್ಲಿ 1, 10, 9, 12, 3, 4 ಎಂದು ಹನ್ನೆರಡರಲ್ಲಿ ಅರ್ಧವನ್ನು ಮುಟ್ಟಿ ಸುತ್ತು ಮುಗಿದುಹೋಗುತ್ತದೆ. ಏಳರಂತೆ ಪೂರ್ತಿ ಸುತ್ತುವ ಅವಿಭಾಜ್ಯಗಳು ನೂರರೊಳಗೆ ಒಂಬತ್ತಿವೆ: 7, 17, 19, 23, 29, 47, 59, 61, 97. ಇವು ಅನಂತವಾಗಿವೆಯೇ? ಇವೆ, ಒಟ್ಟು ಅವಿಭಾಜ್ಯಗಳಲ್ಲಿ ಶೇಕಡಾ 37ಕ್ಕಿಂತ ತುಸು ಹೆಚ್ಚು ಇಂಥವೇ ಎಂಬುದು ಎಮಿಲ್ ಆರ್ಟಿನ್ 1927ರಲ್ಲಿ ಮುಂದಿಟ್ಟ ಊಹೆಯಿಂದ ಹೊರಡುವ ಉತ್ತರ. ಕ್ರಿಸ್ಟೊಫರ್ ಹೂಲಿ 1967ರಲ್ಲಿ ಅದನ್ನು ಸಾಧಿಸಿದರು, ಆದರೆ ವ್ಯಾಪಕ ರೀಮನ್ ಊಹೆ ನಿಜವೆಂದು ಒಪ್ಪಿಕೊಂಡು; ಆ ಊಹೆಯೇ ಇನ್ನೂ ಸಾಧಿತವಾಗಿಲ್ಲ. 1984ರಲ್ಲಿ ರಾಜೀವ್ ಗುಪ್ತ ಮತ್ತು ಎಂ. ರಾಮ್ ಮೂರ್ತಿ ಯಾವ ಊಹೆಯ ನೆರವೂ ಇಲ್ಲದೆ ಮೊದಲ ಬಾಗಿಲು ತೆರೆದರು. ಅದೇ ದಾರಿ ಹಿಡಿದ ರೋಜರ್ ಹೀತ್-ಬ್ರೌನ್ 1986ರಲ್ಲಿ 2, 3, 5 ಈ ಮೂರರಲ್ಲಿ ಕನಿಷ್ಠ ಒಂದನ್ನು ಆಧಾರವಾಗಿಟ್ಟರೆ ಪೂರ್ತಿ ಸುತ್ತುವ ಅವಿಭಾಜ್ಯಗಳು ಅನಂತ ಎಂದು ಸಾಧಿಸಿದರು. ಆ ಒಂದು ಯಾವುದೆಂದು ಅವರ ಸಾಧನೆ ಗುರುತಿಸುವುದಿಲ್ಲ. ನಾವು ದಿನವೂ ಬಳಸುವ ಹತ್ತರ ವಿಷಯದಲ್ಲಂತೂ ಯಾರಿಂದಲೂ ಇದುವರೆಗೆ ಸಾಧನೆ ಬಂದಿಲ್ಲ.